ನಾಲ್ಕು ವರ್ಷದ ಗಡುವು

ಕಾಲೇಜು ಬಿಟ್ಟು ನೌಕರಿ ಹಿಡಿದವನು ಮರಳಿ ಕಾಲೇಜಿನ ಮೆಟ್ಟಿಲು ಹತ್ತುವುದು ನಮ್ಮಲ್ಲಿ ಅಪರೂಪ. ಸಂಬಳದ ರುಚಿ ಹತ್ತಿದ ಮೇಲೆ ಪುಸ್ತಕದ ರುಚಿ ತಪ್ಪುತ್ತದೆ. ಸಂಸಾರ ಬೆಳೆಯುತ್ತದೆ. ಬರುವ ವರ್ಷ ನೋಡೋಣವೆಂದುಕೊಂಡ ಆ ವರ್ಷವು ಹತ್ತು ವರ್ಷ ಕಳೆದರೂ ಬರುವುದಿಲ್ಲ. ಮುಂಬಯಿಯ ಕನ್ನಡಿಗರಾದ ನಾವು ಇದನ್ನು ಚೆನ್ನಾಗಿ ಬಲ್ಲೆವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ನಮ್ಮಲ್ಲಿ ಅನೇಕರಿದ್ದರು. ಅರ್ಧಕ್ಕೆ ನಿಂತವರು ಅವರಿಗಿಂತಲೂ ಹೆಚ್ಚು. ಇಂತಹ ನಮಗೆ ಇದೇ ನಗರದ ಚಾಳಿನ ಕೋಣೆಯೊಂದರಲ್ಲಿ ಓದಿ, ಎರಡು ಸಾರಿ ಕಡಲು ದಾಟಿ, ನಡುವೆ ತುಂಡಾದ ವ್ಯಾಸಂಗವನ್ನು ಹಟ ಹಿಡಿದು ಪೂರ್ಣಗೊಳಿಸಿದ ಒಬ್ಬ ವಿದ್ಯಾರ್ಥಿಯ ಕಥೆಯು ರಾಜ್ಯೋತ್ಸವದ ಈ ಸಂದರ್ಭದಲ್ಲಿ ನೆನೆಯತಕ್ಕದ್ದಾಗಿದೆ. ಆ ವಿದ್ಯಾರ್ಥಿಯು ಡಾ. ಭೀಮರಾವ್ ಅಂಬೇಡಕರರು. ಸಂವಿಧಾನದ ಶಿಲ್ಪಿಯೆಂದು ಅವರನ್ನು ಎಲ್ಲರೂ ಬಲ್ಲರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಅವರು ಪಟ್ಟ ಪಾಡನ್ನು ಬಲ್ಲವರು ಕಡಿಮೆ. ನಾವು ಇಲ್ಲಿ ಹೇಳಹೊರಟಿರುವುದು ಅದನ್ನೇ.

ಭೀಮರಾಯರು 1891ನೆಯ ಇಸವಿ ಏಪ್ರಿಲ್ 14ರಂದು ಮಧ್ಯಭಾರತದ ಮಹೂ ದಂಡಿನ ಊರಿನಲ್ಲಿ ಜನಿಸಿದರು. ತಂದೆ ರಾಮಜಿ ಸಕಪಾಳರು ಸೈನ್ಯದಲ್ಲಿ ಸುಭೇದಾರರು. ಸೈನಿಕರ ಶಾಲೆಯಲ್ಲಿ ಪಾಠ ಹೇಳಿದವರು. ಮನೆತನದ ಮೂಲ ರತ್ನಾಗಿರಿ ಜಿಲ್ಲೆ. ತಾಯಿ ಭೀಮಾಬಾಯಿಯವರು ಮಗನ ಎಳವೆಯಲ್ಲಿಯೇ ತೀರಿಕೊಂಡರು. ಜಾತಿಯಿಂದ ಮಹಾರರಾದ ಕಾರಣ ಸಾತಾರೆಯ ಶಾಲೆಯಲ್ಲಿ ಹುಡುಗನು ಮನೆಯಿಂದ ಗೋಣಿಯ ತುಂಡನ್ನು ಒಯ್ದು ಅದರ ಮೇಲೆ ಬೇರೆಯಾಗಿ ಕುಳಿತುಕೊಳ್ಳಬೇಕಾಗಿತ್ತು. ಬಾಯಾರಿದರೆ ಜವಾನನು ಬಂದು ನಲ್ಲಿ ತಿರುಗಿಸಬೇಕು. ಜವಾನನಿಲ್ಲದ ದಿನ ನೀರಿಲ್ಲ. ಸಂಸ್ಕೃತ ಕಲಿಯುವ ಆಸೆಗೂ ಅಡ್ಡಿ ಬಂದುದರಿಂದ ಪಾರಸಿಯನ್ನು ಆಯ್ದುಕೊಳ್ಳಬೇಕಾಯಿತು.

ಮುಂದೆ ಕುಟುಂಬವು ಮುಂಬಯಿಗೆ ಬಂದು ಪರೇಲಿನ ಒಂದು ಚಾಳಿನಲ್ಲಿ ನೆಲೆಸಿತು. ಒಂದೇ ಕೋಣೆ, ಅಡಿಗೆ, ಊಟ, ನಿದ್ರೆ, ಓದು ಎಲ್ಲವೂ ಅದರಲ್ಲಿಯೇ. ಮಗನು ಬೇಗ ಮಲಗುವನು, ತಂದೆಯು ಎಚ್ಚರವಿರುವರು. ನಡುರಾತ್ರಿ ಕಳೆದ ಮೇಲೆ ತಂದೆಯು ಮಗನನ್ನು ಎಬ್ಬಿಸಿ ಆ ಜಾಗದಲ್ಲಿ ತಾವು ಮಲಗುವರು. ದೀಪದ ಬೆಳಕಿನಲ್ಲಿ ಓದು ಸಾಗುವುದು. ಮಗನು ಹೊಸ ಪುಸ್ತಕ ಬೇಡಿದಾಗ ಕೈಯಲ್ಲಿ ಹಣವಿಲ್ಲದಿದ್ದರೆ ಸುಭೇದಾರರು ಮದುವೆಯಾಗಿದ್ದ ಹೆಣ್ಣುಮಕ್ಕಳಲ್ಲಿಗೆ ಹೋಗಿ ಅವರ ಒಡವೆಯನ್ನು ಕೇಳಿ ತಂದು ಅಡವಿಡುವರು. ಪಿಂಚಣಿ ಬಂದಾಗ ಬಿಡಿಸಿ ಹಿಂದಿರುಗಿಸುವರು. ಅಡವಿನ ವ್ಯವಹಾರವನ್ನು ದಿನವೂ ಕಾಣುವ ನಮಗೆ ಪುಸ್ತಕಕ್ಕಾಗಿ ಒಡವೆ ಅಡವಿಟ್ಟವರು ಇನ್ನೊಬ್ಬರು ಸಿಕ್ಕಿಲ್ಲ.

1907ರಲ್ಲಿ ಭೀಮರಾಯರು ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅವರ ಸಮಾಜಕ್ಕೆ ಅದು ಹಬ್ಬದಂತಹ ಸಂಗತಿ. ಅಭಿನಂದನೆಯ ಸಭೆ ಕೂಡಿತು. ಕೃಷ್ಣಾಜಿ ಅರ್ಜುನ ಕೇಳುಸಕರ ಗುರುಗಳು ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿತ್ತರು. ಕಾಲೇಜಿನ ಖರ್ಚಿಗೆ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರಿಂದ ತಿಂಗಳಿಗೆ 25 ರೂಪಾಯಿಯ ವಿದ್ಯಾರ್ಥಿವೇತನ ದೊರೆಯುವಂತಾದದ್ದು ಈ ಕೇಳುಸಕರ ಪ್ರಯತ್ನದಿಂದಲೇ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಅವರು ಬಿ.ಎ. ಮುಗಿಸಿದರು. ಮರುವರ್ಷ ಜನವರಿಯಲ್ಲಿ ಬಡೋದೆಯ ನೌಕರಿಗೆ ಸೇರಿ ಕೆಲವೇ ದಿನಗಳಾಗಿದ್ದವು. ತಂದೆಗೆ ಕಾಯಿಲೆಯೆಂದು ತಂತಿ ಬಂದಿತು. ಫೆಬ್ರವರಿ 2ರಂದು ರಾಮಜಿಯವರು ಕಣ್ಣು ಮುಚ್ಚಿದರು.

ಆ ದುಃಖದ ಬೆನ್ನಿಗೇ ಒಂದು ಭಾಗ್ಯ ಬಾಗಿಲು ತಟ್ಟಿತು. ಮಹಾರಾಜರು ಕೆಲವು ವಿದ್ಯಾರ್ಥಿಗಳನ್ನು ಅಮೇರಿಕದ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲು ನಿಶ್ಚಯಿಸಿದ್ದರು. ಅವರಲ್ಲಿ ಅಂಬೇಡಕರರೂ ಒಬ್ಬರು. 1913ರ ಜೂನ್ 4ರಂದು ಕರಾರುಪತ್ರಕ್ಕೆ ರುಜುವಾಯಿತು. ಮೂರು ವರ್ಷಗಳ ಕಾಲ ತಿಂಗಳಿಗೆ ಹನ್ನೊಂದೂವರೆ ಪೌಂಡು. ಹಿಂದಿರುಗಿದ ಮೇಲೆ ಹತ್ತು ವರ್ಷ ಬಡೋದೆಯಲ್ಲಿ ಸೇವೆ. ಅದೇ ಜುಲೈ ತಿಂಗಳಲ್ಲಿ ಇಪ್ಪತ್ತೆರಡು ವರ್ಷದ ತರುಣನು ನ್ಯೂಯಾರ್ಕಿನಲ್ಲಿ ಇಳಿದನು. ಪತ್ನಿ ರಮಾಬಾಯಿಯವರು ಎಳೆಯ ಮಗನೊಡನೆ ಮುಂಬಯಿಯಲ್ಲಿ ಉಳಿದರು.

ಹೊಸ ನಾಡಿನಲ್ಲಿ ಆ ತರುಣನಿಗಾದ ಉಲ್ಲಾಸವು ಕಟ್ಟಡಗಳ ಎತ್ತರವನ್ನು ಕಂಡು ಆದುದಲ್ಲ. ಅಲ್ಲಿ ಅವರು ಸಹಪಾಠಿಗಳ ಸಾಲಿನಲ್ಲಿಯೇ ಕುಳಿತರು. ಒಂದೇ ಮೇಜಿನಲ್ಲಿ ಉಂಡರು. ಬಾಯಾರಿದಾಗ ತಾವೇ ನೀರು ತೆಗೆದುಕೊಂಡು ಕುಡಿದರು. ಉಳಿದವರಿಗೆ ಗಮನಕ್ಕೂ ಬಾರದ ಈ ಸಂಗತಿಗಳು ಸಾತಾರೆಯ ಶಾಲೆಯಲ್ಲಿ ಓದಿದವನಿಗೆ ಎಷ್ಟು ದೊಡ್ಡವು! ಲಿವಿಂಗ್‌ಸ್ಟನ್ ಹಾಲೆಂಬ ವಸತಿಗೃಹದಲ್ಲಿ ಮುಂಬಯಿಯ ಪಾರಸಿ ತರುಣ ನವಲ್ ಭಥೇನರು ಅವರಿಗೆ ಜೊತೆಗಾರರಾದರು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಮತ್ತೆ ಬರುತ್ತದೆ.

ಕೊಲಂಬಿಯದಲ್ಲಿ ಅವರು ಎಂತೆಂತಹ ಗುರುಗಳಲ್ಲಿ ಓದಿದರು! ತೆರಿಗೆ ಮತ್ತು ರಾಜ್ಯದ ಆಯವ್ಯಯದ ಶಾಸ್ತ್ರದಲ್ಲಿ ಎಡ್ವಿನ್ ಸೆಲಿಗ್‌ಮನ್, ತತ್ತ್ವಶಾಸ್ತ್ರದಲ್ಲಿ ಜಾನ್ ಡ್ಯೂಯಿ, ಚರಿತ್ರೆಯಲ್ಲಿ ಜೇಮ್ಸ್ ಹಾರ್ವೆ ರಾಬಿನ್‌ಸನ್, ಮಾನವಶಾಸ್ತ್ರದಲ್ಲಿ ಗೋಲ್ಡನ್‌ವೈಸರ್. ಪದವಿಗೆ ಬೇಕಾದಷ್ಟೇ ಓದಿ ಸುಮ್ಮನಾಗದೆ ಅರ್ಥಶಾಸ್ತ್ರದೊಡನೆ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ತರಗತಿಗಳಲ್ಲಿಯೂ ಕುಳಿತರು. ಮನೆಗೆ ಹಣ ಕಳುಹಿಸಿ ಉಳಿದದ್ದರಲ್ಲಿ ಹೊಟ್ಟೆಗೆ ಮಿತವಾಗಿ ತಿಂದು ಹಳೆಯ ಪುಸ್ತಕದ ಅಂಗಡಿಗಳನ್ನು ಹುಡುಕಿ ಪುಸ್ತಕ ಕೊಂಡರು. ಅವು ಎರಡು ಸಾವಿರದ ಹತ್ತಿರಕ್ಕೆ ಬಂದಿದ್ದವಂತೆ. ಆಗ ನ್ಯೂಯಾರ್ಕಿನಲ್ಲಿದ್ದ ಲಾಲಾ ಲಜಪತ ರಾಯರು ರಾಜಕಾರಣಕ್ಕೆ ಕರೆದಾಗ, ಮೊದಲು ವ್ಯಾಸಂಗ, ಮಹಾರಾಜರಿಗೆ ಕೊಟ್ಟ ಮಾತು ತಪ್ಪಲಾರೆನೆಂದು ದೂರ ಉಳಿದರು. ತಂದೆಯ ಸ್ನೇಹಿತರೊಬ್ಬರಿಗೆ ಅಲ್ಲಿಂದ ಬರೆದ ಪತ್ರದಲ್ಲಿ ಗಂಡುಮಕ್ಕಳೊಡನೆ ಹೆಣ್ಣುಮಕ್ಕಳಿಗೂ ವಿದ್ಯೆ ಕೊಟ್ಟರೆ ತಮ್ಮ ಜನದ ಏಳಿಗೆಯು ಬೇಗನೆ ಆಗುವುದೆಂದು ತಿಳಿಸಿದ್ದರು. 1915ರಲ್ಲಿ ಎಂ.ಎ. ಆಯಿತು. 1916ರ ಮೇ ತಿಂಗಳಲ್ಲಿ ಗೋಲ್ಡನ್‌ವೈಸರರ ಗೋಷ್ಠಿಯಲ್ಲಿ ಭಾರತದ ಜಾತಿಗಳ ಹುಟ್ಟನ್ನು ಕುರಿತು ಪ್ರಬಂಧ ಓದಿದರು. ಅದೇ ವರ್ಷ ಭಾರತದ ಆಯವ್ಯಯವನ್ನು ಕುರಿತ ಡಾಕ್ಟರೇಟ್ ಪ್ರಬಂಧವೂ ಸಿದ್ಧವಾಯಿತು.

ಅಲ್ಲಿಗೆ ಊರಿಗೆ ಹಿಂದಿರುಗಬಹುದಾಗಿತ್ತು. ಆದರೆ ಲಂಡನ್ನಿನಲ್ಲಿಯೂ ಓದಬೇಕೆಂಬ ಆಸೆ. ಅಪ್ಪಣೆ ಪಡೆದು 1916ರ ಶರತ್ಕಾಲದಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಸೇರಿದರು. ಬ್ಯಾರಿಸ್ಟರ್ ಪದವಿಗಾಗಿ ಗ್ರೇಸ್ ಇನ್ನಿನಲ್ಲಿಯೂ ಹೆಸರು ಬರೆಸಿದರು. ಪ್ರಬಂಧದ ಕೆಲಸ ಮೊದಲಾಗಿ ಒಂದು ವರ್ಷ ತುಂಬುವ ಮೊದಲೇ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಹಿಂದಿರುಗಬೇಕೆಂದು ಬಡೋದೆಯಿಂದ ಕರೆ ಬಂದಿತು. ಲಂಡನ್ ವಿಶ್ವವಿದ್ಯಾನಿಲಯವು ಒಂದು ರಿಯಾಯಿತಿಯನ್ನು ತೋರಿಸಿತು. 1917ರ ಅಕ್ಟೋಬರಿನಿಂದ ನಾಲ್ಕು ವರ್ಷಗಳ ಒಳಗೆ ಯಾವಾಗ ಬಂದರೂ ವ್ಯಾಸಂಗವನ್ನು ಮುಂದುವರಿಸಬಹುದು. ಈ ಗಡುವನ್ನು ಮನಸ್ಸಿನಲ್ಲಿ ಗಂಟು ಕಟ್ಟಿಕೊಂಡು ಅವರು ಹೊರಟರು. ಮಹಾಯುದ್ಧದ ಕಾಲ. ಸಾಮಾನುಗಳನ್ನು ಹೊತ್ತ ಹಡಗು ಶತ್ರುಗಳ ಟಾರ್ಪಿಡೊ ಬಡಿದು ಮುಳುಗಿತು. ಬೇರೆ ಹಡಗಿನಲ್ಲಿದ್ದ ಅವರು 1917ರ ಆಗಸ್ಟಿನಲ್ಲಿ ಕ್ಷೇಮವಾಗಿ ಮುಂಬಯಿ ತಲಪಿದರು. ಬಡೋದೆಯ ಪ್ರಯಾಣಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಮುಳುಗಿದ ಸಾಮಾನಿಗೆ ಬಂದ ಪರಿಹಾರದ ಹಣವೇ ಆ ಖರ್ಚಿಗೆ ಒದಗಿತು.

ಎರಡು ಖಂಡಗಳಲ್ಲಿ ಓದಿ ಬಂದವನಿಗೆ ಬಡೋದೆಯಲ್ಲಿ ತಲೆ ಇಡಲು ಸ್ಥಳ ಸಿಕ್ಕಲಿಲ್ಲ. ಹಿಂದೂ ಹೋಟೆಲುಗಳು ಸೇರಿಸವು. ಪಾರಸಿಗಳ ಒಂದು ಹಳೆಯ ವಸತಿಗೃಹದಲ್ಲಿ ಬೇರೆ ಹೆಸರಿನಿಂದ ಉಳಿದರು. ಕಚೇರಿಯಲ್ಲಿ ಜವಾನರು ಕಾಗದಗಳನ್ನು ಮುಟ್ಟಿಸಿ ಕೊಡದೆ ದೂರದಿಂದ ಎಸೆಯುತ್ತಿದ್ದರು. ಕೆಲವೇ ದಿನಗಳಲ್ಲಿ ಗುಟ್ಟು ಬಯಲಾಗಿ ಹತ್ತಾರು ಜನ ದೊಣ್ಣೆ ಹಿಡಿದು ಬಂದು ಸಂಜೆಯೊಳಗೆ ಹೊರಡಬೇಕೆಂದು ಗದರಿಸಿದರು. ಪರಿಚಯದವರಿಬ್ಬರನ್ನು ಆಶ್ರಯ ಕೇಳಿದರು. ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರು. ಇಬ್ಬರೂ ಒಂದೊಂದು ನೆಪ ಹೇಳಿದರು. ಊರಿನ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು ರಾತ್ರಿಯ ಗಾಡಿಯಲ್ಲಿ ಮುಂಬಯಿಗೆ ಮರಳಿದರು. ಕೊಲಂಬಿಯದ ಗುರುಗಳು ಮೆಚ್ಚಿದ ವಿದ್ವತ್ತೆಯು ಒಂದು ಬಾಡಿಗೆ ಕೋಣೆಯನ್ನು ಸಂಪಾದಿಸಿಕೊಡಲಾರದೆ ಹೋಯಿತು. ವಿದ್ಯೆಯೊಂದಿದ್ದರೆ ಸಾಕು, ಮಾನ ತಾನಾಗಿಯೇ ಬರುತ್ತದೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆ ದಿನ ಆ ಉದ್ಯಾನದಲ್ಲಿ ಕುಳಿತಿದ್ದವನ ಮುಂದೆ ಈ ಮಾತನ್ನು ಹೇಳುವ ಧೈರ್ಯ ಯಾರಿಗಿದ್ದೀತು?

ಮುಂಬಯಿಯಲ್ಲಿ ಹೊಟ್ಟೆಪಾಡಿಗಾಗಿ ಮನೆಪಾಠ ಹೇಳಿದರು. ಶೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಸಂಸ್ಥೆಯೊಂದನ್ನು ತೆರೆದರು. ಸಲಹೆಗಾರನ ಜಾತಿ ತಿಳಿದೊಡನೆ ಗಿರಾಕಿಗಳು ನಿಂತರು. ಕೊನೆಗೆ 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರ ಸ್ಥಾನ ದೊರೆಯಿತು. ತಿಂಗಳಿಗೆ 450 ರೂಪಾಯಿ ಸಂಬಳ. ಬಿ.ಕಾಂ. ಓದಿದ ನಮ್ಮಂತಹವರಿಗೆ ಆ ಕಾಲೇಜಿನ ಹೆಸರು ಪರಿಚಿತವೇ. 1913ರಲ್ಲಿ ಆರಂಭವಾಗಿ ಈ ದೇಶದ ವಾಣಿಜ್ಯ ಶಿಕ್ಷಣಕ್ಕೆ ಮೊದಲ ದಾರಿ ತೋರಿಸಿದ ಸಂಸ್ಥೆಯದು. ಪ್ರಾರಂಭದಲ್ಲಿ ವಿದ್ಯಾರ್ಥಿಗಳು ಈ ಹೊಸ ಉಪಾಧ್ಯಾಯರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪಾಠವನ್ನು ಕೇಳಿದ ಮೇಲೆ ಬೇರೆ ಕಾಲೇಜಿನವರೂ ಅನುಮತಿ ಪಡೆದು ಬಂದು ಕೂರತೊಡಗಿದರು. ಅದಾಗ್ಯೂ ಅಧ್ಯಾಪಕರ ಕೋಣೆಯ ನೀರಿನ ಕೊಡವನ್ನು ಅವರು ಮುಟ್ಟುವುದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ಸಾತಾರೆಯ ನಲ್ಲಿ ಮುಂಬಯಿಯವರೆಗೂ ಬೆನ್ನು ಹತ್ತಿ ಬಂದಿತ್ತು.

ಸಾಮಾನ್ಯರಾದರೆ ಇಷ್ಟಕ್ಕೆ ತೃಪ್ತರಾಗುತ್ತಿದ್ದರು. 450 ರೂಪಾಯಿಯು ಆ ಕಾಲದಲ್ಲಿ ದೊಡ್ಡ ಸಂಬಳ. ಸರಕಾರಿ ಕಾಲೇಜಿನ ಉದ್ಯೋಗ. ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ಆದರೆ ಆ ಗಡುವು ಇದ್ದೇ ಇತ್ತು. 1921ರ ಅಕ್ಟೋಬರ್ ಕಳೆದರೆ ಲಂಡನ್ನಿನ ಬಾಗಿಲು ಮುಚ್ಚಿಹೋಗುವುದು. ಸಂಬಳ ಬಂದಾಗ ರಮಾಬಾಯಿಯವರ ಕೈಗೆ ಮನೆಖರ್ಚಿಗೆಂದು ಗೊತ್ತುಮಾಡಿದ ಮೊತ್ತವನ್ನಿತ್ತು ಉಳಿದದ್ದನ್ನು ಕೂಡಿಡುತ್ತ ಬಂದರು. ಅಷ್ಟರಲ್ಲಿಯೇ ಸಾರ್ವಜನಿಕ ಕಾರ್ಯವೂ ಕೈಗೆ ಹತ್ತಿತ್ತು. 1920ರ ಜನವರಿಯಲ್ಲಿ ಕೊಲ್ಹಾಪುರದ ಶಾಹು ಮಹಾರಾಜರ ನೆರವಿನಿಂದ ಮೂಕನಾಯಕವೆಂಬ ಮರಾಠಿ ಪತ್ರಿಕೆ ಹುಟ್ಟಿತು. ಮಾರ್ಚಿಯಲ್ಲಿ ಕಾಲೇಜಿನ ಕೆಲಸ ಬಿಟ್ಟರು. ಕೂಡಿಟ್ಟ ಹಣ, ಶಾಹು ಮಹಾರಾಜರ ಸಹಾಯ, ಇವುಗಳ ಜೊತೆಗೆ ಲಿವಿಂಗ್‌ಸ್ಟನ್ ಹಾಲಿನ ಗೆಳೆಯ ಭಥೇನರು ಕೊಟ್ಟ 5000 ರೂಪಾಯಿ ಸಾಲ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುವ ನಮಗೆ ಈ ಸಾಲವು ವಿಶೇಷವಾಗಿ ಕಾಣುತ್ತದೆ. ಅಡವಿಗೆ ಆಸ್ತಿಯಿಲ್ಲ, ಸಾಲ ಪಡೆದವನ ಉದ್ಯೋಗವೂ ಹೋಗಿದೆ. ಇದ್ದ ಜಾಮೀನು ಸ್ನೇಹವೊಂದೇ. 1920ರ ಜುಲೈಯಲ್ಲಿ ಅವರು ಹಡಗು ಹತ್ತಿದರು. ಸೆಪ್ಟೆಂಬರಿನ ಕೊನೆಯಲ್ಲಿ, ಗಡುವಿಗೆ ಒಂದು ವರ್ಷ ಮಿಕ್ಕಿರುವಾಗ, ಲಂಡನ್ನಿನ ಕಾಲೇಜಿನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಪ್ರಾಧ್ಯಾಪಕರಾಗಿದ್ದವರು ಮರಳಿ ಬೆಂಚಿನ ಮೇಲೆ ಕುಳಿತರು.

ಲಂಡನ್ನಿನ ಆ ದಿನಗಳ ವರ್ಣನೆ ಓದಿದರೆ ಹೊಟ್ಟೆ ಚುರ್ ಎನ್ನುತ್ತದೆ. ವಸತಿಗೃಹದ ಒಡತಿಯು ಜಿಪುಣೆ. ಬೆಳಿಗ್ಗೆ ಒಂದು ತುಂಡು ಮೀನು, ರೊಟ್ಟಿಯ ಹೋಳು, ಒಂದು ಬಟ್ಟಲು ಚಹ. ಅದನ್ನು ಮುಗಿಸಿ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯಕ್ಕೆ ಓಟ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಮಧ್ಯಾಹ್ನದ ಊಟವಿಲ್ಲ. ಸಂಜೆ ಕಾವಲುಗಾರನು ಎಬ್ಬಿಸುವ ತನಕ ಓದು. ಹೊರಬರುವಾಗ ಜೇಬುಗಳ ತುಂಬ ಟಿಪ್ಪಣಿಯ ಚೀಟಿಗಳು. ರಾತ್ರಿ ಹಸಿವು ತಡೆಯಲಾರದೆ ಹೋದಾಗ ಊರಿನ ಗೆಳೆಯನೊಬ್ಬ ಕೊಟ್ಟಿದ್ದ ಹಪ್ಪಳದ ಕಟ್ಟಿನಿಂದ ನಾಲ್ಕು ಹಪ್ಪಳ ಸುಟ್ಟು ಹಾಲಿನೊಡನೆ ತಿನ್ನುವುದು; ಮತ್ತೆ ಓದು. ಇತ್ತ ಮುಂಬಯಿಯಲ್ಲಿ ರಮಾಬಾಯಿಯವರ ತಪಸ್ಸು ಇದಕ್ಕಿಂತ ಕಡಿಮೆಯದಲ್ಲ. ಹಿಡಿಮೊತ್ತದಲ್ಲಿ ಸಂಸಾರ ತೂಗಿಸಬೇಕು. ಆ ದಂಪತಿಗಳ ಐವರು ಮಕ್ಕಳಲ್ಲಿ ಬದುಕಿ ಉಳಿದವರು ಯಶವಂತರೊಬ್ಬರೇ. ಪದವಿಪತ್ರದ ಮೇಲೆ ಗಂಡನ ಹೆಸರಷ್ಟೇ ಇರುತ್ತದೆ; ಅದರ ಶುಲ್ಕವನ್ನು ತೆತ್ತವರು ಇಬ್ಬರು.

ಇಷ್ಟು ಕಷ್ಟಪಟ್ಟು ಅವರು ಓದುತ್ತಿದ್ದುದು ಏನನ್ನು? ರೂಪಾಯಿಯನ್ನು! ಇದರಲ್ಲೊಂದು ವಿಚಿತ್ರ ಉಂಟು. 1920ರ ಆರಂಭದಲ್ಲಿ ರೂಪಾಯಿಯ ವಿನಿಮಯ ಬೆಲೆಯು ಎರಡು ಶಿಲ್ಲಿಂಗನ್ನೂ ಮೀರಿತ್ತು. ಸರಕಾರವು ಎರಡು ಶಿಲ್ಲಿಂಗಿಗೆ ಗೊತ್ತುಪಡಿಸಲು ಹೊರಟಿತು. ಆದರೆ ದರ ನಿಲ್ಲಲಿಲ್ಲ. 1921ರ ಹೊತ್ತಿಗೆ ಒಂದು ಶಿಲ್ಲಿಂಗ್ ನಾಲ್ಕು ಪೆನ್ನಿಯ ಆಸುಪಾಸಿಗೆ ಇಳಿಯಿತು. ಲೆಕ್ಕ ಹಾಕಿ ನೋಡಿರಿ. ಮೊದಲ ದರದಲ್ಲಿ ನೂರು ರೂಪಾಯಿಗೆ ಹತ್ತು ಪೌಂಡು. ಎರಡನೆಯ ದರದಲ್ಲಿ ಆರು ಪೌಂಡು ಹದಿಮೂರು ಶಿಲ್ಲಿಂಗ್ ನಾಲ್ಕು ಪೆನ್ನಿ. ರೂಪಾಯಿಯಲ್ಲಿ ಕೂಡಿಟ್ಟು ಪೌಂಡಿನಲ್ಲಿ ಬದುಕುವ ವಿದ್ಯಾರ್ಥಿಯ ಊಟದಲ್ಲಿ ಮೂರನೆಯ ಒಂದು ಪಾಲು ವಿನಿಮಯದ ದರದಲ್ಲಿಯೇ ಕರಗಿದಂತೆ.

1921ರಲ್ಲಿ ಬ್ರಿಟಿಷ್ ಭಾರತದ ಪ್ರಾಂತಗಳ ಹಣಕಾಸನ್ನು ಕುರಿತ ಪ್ರಬಂಧಕ್ಕೆ ಎಂ.ಎಸ್‌ಸಿ. ದೊರೆಯಿತು. 1922ರಲ್ಲಿ ಬ್ಯಾರಿಸ್ಟರ್ ಪದವಿಯೂ ಬಂದಿತು. ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದಲ್ಲಿಯೂ ಓದುವ ಹಂಬಲದಿಂದ ಕೆಲಕಾಲ ಅಲ್ಲಿಗೂ ಹೋಗಿದ್ದರು. 1922ರ ಅಕ್ಟೋಬರಿನಲ್ಲಿ ಡಿ.ಎಸ್‌ಸಿ. ಪದವಿಗಾಗಿ ರೂಪಾಯಿಯ ಸಮಸ್ಯೆಯನ್ನು ಕುರಿತ ಮಹಾಪ್ರಬಂಧವನ್ನು ಒಪ್ಪಿಸಿದರು. ಅದರ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು. 1893ರಲ್ಲಿ ಸರಕಾರವು ಟಂಕಸಾಲೆಗಳಲ್ಲಿ ಸಾರ್ವಜನಿಕರ ಬೆಳ್ಳಿಗೆ ನಾಣ್ಯ ಹೊಡೆದುಕೊಡುವುದನ್ನು ನಿಲ್ಲಿಸಿತು. ಮುಂದೆ ರೂಪಾಯಿಯನ್ನು ಪೌಂಡಿಗೆ ಬಿಗಿಯುವ ಚಿನ್ನದ ವಿನಿಮಯ ಪದ್ಧತಿ ಬೆಳೆಯಿತು. ಪ್ರಸಿದ್ಧ ಅರ್ಥಶಾಸ್ತ್ರಜ್ಞ ಕೇನ್ಸ್ 1913ರಲ್ಲಿ ಈ ಪದ್ಧತಿಯನ್ನು ಮೆಚ್ಚಿ ಗ್ರಂಥ ಬರೆದಿದ್ದರು. ಅಂಬೇಡಕರರು ಅದನ್ನು ಒಪ್ಪಲಿಲ್ಲ. ಸರಕಾರವು ಬೇಕಾದಷ್ಟು ರೂಪಾಯಿ ಹೊರಡಿಸಲು ಈ ಪದ್ಧತಿಯಲ್ಲಿ ತಡೆಯಿಲ್ಲ. ಆದ್ದರಿಂದ ರೂಪಾಯಿ ಹೊರಡಿಸುವ ಸ್ವಾತಂತ್ರ್ಯಕ್ಕೇ ಕಟ್ಟು ಹಾಕಬೇಕು. ಲಂಡನ್ನಿನಲ್ಲಿ ದರ ಎಷ್ಟೆಂಬುದಕ್ಕಿಂತ ಊರಿನ ಪೇಟೆಯಲ್ಲಿ ರೂಪಾಯಿಗೆ ಎಷ್ಟು ಸಾಮಾನು ಬರುತ್ತದೆಂಬುದೇ ಮುಖ್ಯ. ರೂಪಾಯಿ ಅಗ್ಗವಾದರೆ ವ್ಯಾಪಾರಿಗೆ ಲಾಭ, ಕೂಲಿಯವನಿಗೆ ನಷ್ಟ, ಏಕೆಂದರೆ ಬೆಲೆ ಏರಿದಷ್ಟು ಬೇಗ ಕೂಲಿ ಏರುವುದಿಲ್ಲ. ಇದು ಅವರ ವಾದ. ಪರೇಲಿನ ಚಾಳಿನಲ್ಲಿ ಬೆಳೆದವನು ರೂಪಾಯಿಯನ್ನು ಗಿರಣಿಯ ಕಾರ್ಮಿಕನ ಕಡೆಯಿಂದಲೂ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ.

ಪರೀಕ್ಷಕರಿಗೆ ಪ್ರಬಂಧದ ಧಾಟಿ ಹಿಡಿಸಲಿಲ್ಲ. ತಿದ್ದಿ ಬರೆಯಬೇಕೆಂದು 1923ರ ಮಾರ್ಚಿಯಲ್ಲಿ ಹಿಂದಿರುಗಿಸಿದರು. ಕೈಯಲ್ಲಿನ ಹಣ ತೀರಿತ್ತು. ಅಂಬೇಡಕರರು ಏಪ್ರಿಲಿನಲ್ಲಿ ಮುಂಬಯಿಗೆ ಬಂದು ಇಲ್ಲಿಯೇ ಕುಳಿತು, ತೀರ್ಮಾನಗಳನ್ನು ಕದಲಿಸದೆ, ತಿದ್ದಿ ಕಳುಹಿಸಿದರು. ವರ್ಷ ಮುಗಿಯುವ ಮೊದಲೇ ಪ್ರಬಂಧ ಅಂಗೀಕೃತವಾಗಿ ಪುಸ್ತಕವಾಗಿಯೂ ಹೊರಬಂದಿತು. ಗುರುಗಳಾದ ಎಡ್ವಿನ್ ಕ್ಯಾನನ್ ಮುನ್ನುಡಿಯಲ್ಲಿ ತಮ್ಮ ಭಿನ್ನಾಭಿಪ್ರಾಯಗಳನ್ನು ಮುಚ್ಚಿಡದೆ ಹೇಳಿಯೂ ಶಿಷ್ಯನ ವಿಚಾರದ ಹೊಸತನವನ್ನು ಮೆಚ್ಚಿದರು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗವು ನಾಣ್ಯದ ಪ್ರಶ್ನೆಯನ್ನು ವಿಚಾರಿಸಿದಾಗ ಅಂಬೇಡಕರರು ಅದರ ಮುಂದೆ ಸಾಕ್ಷ್ಯ ನುಡಿದರು. ಕೇಂದ್ರ ಬ್ಯಾಂಕು ಬೇಕೆಂದು ಆಯೋಗವು 1926ರಲ್ಲಿ ಶಿಫಾರಸು ಮಾಡಿತು. 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕು ಕೆಲಸ ಆರಂಭಿಸಿತು. ರಿಸರ್ವ್ ಬ್ಯಾಂಕನ್ನು ಅವರೇ ಹುಟ್ಟಿಸಿದರೆಂದು ಅಭಿಮಾನದಿಂದ ಹೇಳುವವರುಂಟು. ಅಷ್ಟು ಹೇಳಬೇಕಾಗಿಲ್ಲ. ಆ ಚರ್ಚೆಯಲ್ಲಿ ಕೂಲಿಕಾರನ ಪರವಾಗಿ ಶಾಸ್ತ್ರಬದ್ಧವಾದ ಮಾತೊಂದು ಕೇಳಿಬಂದಿತೆಂಬುದೇ ಸಾಕಾದಷ್ಟು ದೊಡ್ಡದು.

ಅನಂತರದ ಬಾಳು ಎಲ್ಲರಿಗೂ ಗೊತ್ತಿರುವುದೇ. ವಕೀಲಿ, 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆ, 1927ರಲ್ಲಿ ಮಹಾಡದ ಕೆರೆಯ ನೀರಿನ ಸತ್ಯಾಗ್ರಹ, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷತೆ. 1925ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಕೂಡಿದ ಪ್ರಾಂತೀಯ ಪರಿಷತ್ತಿಗೂ ಅವರು ಬಂದಿದ್ದರು. ಕೊಲಂಬಿಯದ ಪಿಎಚ್.ಡಿ. ಪ್ರಬಂಧವು 1925ರಲ್ಲಿ ಅಚ್ಚಾಗಿ, ಪದವಿಯು 1927ರಲ್ಲಿ ಕೈಸೇರಿತು. ಅವರ ಗ್ರಂಥಗಳ ಅರ್ಪಣೆಗಳನ್ನು ಒಟ್ಟಿಗೆ ನೋಡಿದರೆ ಋಣದ ಖಾತೆಯನ್ನು ಒಂದೊಂದಾಗಿ ಚುಕ್ತಾ ಮಾಡಿದಂತೆ ತೋರುತ್ತದೆ. ರೂಪಾಯಿಯ ಗ್ರಂಥ ತಂದೆತಾಯಿಗಳಿಗೆ; ಪ್ರಾಂತಗಳ ಹಣಕಾಸಿನ ಗ್ರಂಥ ಸಯಾಜಿರಾವ್ ಮಹಾರಾಜರಿಗೆ. 1935ರಲ್ಲಿ ತೀರಿಕೊಂಡ ರಮಾಬಾಯಿಯವರ ಸ್ಮರಣೆಗೆ 1940ರಲ್ಲಿ ಹೊರಬಂದ ಪಾಕಿಸ್ತಾನವನ್ನು ಕುರಿತ ಗ್ರಂಥ. ಸಮಾಜದ ಋಣಕ್ಕೆ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದರು. ಹಗಲು ದುಡಿಯುವವರೂ ಓದಲೆಂದು ಅಲ್ಲಿ ಬೆಳಗಿನ ತರಗತಿಗಳು ನಡೆದವು. 1952ರ ಜೂನಿನಲ್ಲಿ ಕೊಲಂಬಿಯವು ತನ್ನ ಹಳೆಯ ವಿದ್ಯಾರ್ಥಿಯನ್ನು ಕರೆಸಿ ಗೌರವ ಡಾಕ್ಟರೇಟ್ ನೀಡಿತು.

ಭಾಷಾವಾರು ರಾಜ್ಯಗಳನ್ನು ಕುರಿತು 1955ರಲ್ಲಿ ಅವರೊಂದು ಗ್ರಂಥ ಬರೆದರು. ಒಂದು ರಾಜ್ಯದಲ್ಲಿ ಒಂದೇ ಭಾಷೆಯಿರುವುದು ಒಳ್ಳೆಯದೆಂದು ಅವರ ಮತ; ಅದರ ಜೊತೆಗೆ ಸಣ್ಣ ಸಮುದಾಯಗಳು ದೊಡ್ಡವುಗಳ ಕೆಳಗೆ ನಲುಗದಂತೆ ಎಚ್ಚರ ವಹಿಸಬೇಕೆಂಬ ಚಿಂತೆಯೂ ಅದರಲ್ಲಿತ್ತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಅದಾದ ಮೂವತ್ತೈದನೆಯ ದಿನ, ಡಿಸೆಂಬರ್ 6ರಂದು, ದಿಲ್ಲಿಯಲ್ಲಿ ಅವರು ನಿಧನರಾದರು. ಅವರಿಗೆ ಕೊನೆಯ ನಮನ ಸಲ್ಲಿಸಲು ಜನಸಾಗರ ಸೇರಿದ್ದು ನಾವಿರುವ ಈ ಮುಂಬಯಿಯ ದಾದರಿನ ಕಡಲ ತೀರದಲ್ಲಿ.

ಕನ್ನಡ ಬಾಂಧವರೇ, ನಮ್ಮ ಬಳಗದಲ್ಲಿ ಓದು ಅರ್ಧಕ್ಕೆ ನಿಂತ ತರುಣ ತರುಣಿಯರು ಇಂದಿಗೂ ಉಂಟು. ಮರಳಿ ಕಾಲೇಜು ಸೇರಬೇಕು, ಪರದೇಶಕ್ಕೆ ಹೋಗಿ ಕಲಿಯಬೇಕು ಎಂಬ ಉತ್ಸಾಹ ಅವರ ಮುಖದಲ್ಲಿ ಕಾಣುತ್ತದೆ. ಹಣದ ಮಾತು ಬಂದೊಡನೆ ಮುಖ ಬಾಡುತ್ತದೆ. ಅವರಿಗೆ ಉಪದೇಶ ಹೇಳುವ ಹಿರಿಯರಿಗೆ ನಮ್ಮಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಒಡವೆ ಅಡವಿಡುವ ಸುಭೇದಾರರಿಗೆ, ಪುಸ್ತಕ ಕೈಗಿಡುವ ಕೇಳುಸಕರರಿಗೆ, ಜಾಮೀನು ಕೇಳದ ಭಥೇನರಿಗೆ. ನಮ್ಮಂತಹ ಸಂಘಗಳು ವರ್ಷಕ್ಕೊಬ್ಬ ವಿದ್ಯಾರ್ಥಿಗಾದರೂ ಗಡುವು ಮೀರುವ ಮೊದಲು ಹಡಗಿನ ಚೀಟಿ ಕೊಡಿಸಬಲ್ಲವಾದರೆ ರಾಜ್ಯೋತ್ಸವದ ದೀಪ ಹಚ್ಚಿದ್ದಕ್ಕೆ ಅರ್ಥ ಬಂದೀತು.